ಮುಚ್ಚಿದ ಜಾಗದ ಭಯ

ಲಿಫ್ಟಿಗೆ ಹೆದರಿ ನಾಲ್ಕು ಮಹಡಿ ಮೆಟ್ಟಿಲು ಹತ್ತುವವರು, ಚಿಲಕ ಹಾಕದೆ ಸ್ನಾನ ಮಾಡುವವರು ನಮ್ಮ ಸಂಘಗಳಲ್ಲೂ ಇದ್ದಾರೆ. ಎದೆ ಡವಡವ ಅನ್ನುತ್ತೆ, ಮೈ ಬೆವರುತ್ತೆ, ಉಸಿರು ಕಟ್ಟಿದ ಹಾಗಾಗುತ್ತೆ. ಮನೆಯವರು ನಾಟಕ ಅಂತಾರೆ, ಇಲ್ಲವೇ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುತ್ತಾರೆ. ಇದು ಕ್ಲಾಸ್ಟ್ರೋಫೋಬಿಯಾ ಎಂಬ ತೊಂದರೆ, ಚಿಕಿತ್ಸೆ ಇದೆ. ಅಪಾಯವಿಲ್ಲದಿದ್ದರೂ ದೇಹ ಓಡಲು ಸಿದ್ಧವಾಗುತ್ತದೆ. (ಎದೆನೋವು ಬಂದರೆ ಮಾತ್ರ ಮೊದಲು ಹೃದಯ ಪರೀಕ್ಷೆ ಮಾಡಿಸಿ.)

ಓಡಿಬಂದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ಆದರೆ ಮುಂದಿನ ಸಲ ಭಯ ಇನ್ನೂ ಜಾಸ್ತಿ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಬೇಕು. ಮೊದಲು ಬಾಗಿಲು ಅರ್ಧ ಮುಚ್ಚಿ ಕೂತು, ನಿಧಾನವಾಗಿ ಉಸಿರು ಬಿಡುತ್ತಾ, ಭಯ ಇಳಿಯುವವರೆಗೆ ಅಲ್ಲೇ ಇರಿ. ಕೆಲವು ದಿನ ಕಳೆದು ಪೂರ್ತಿ ಮುಚ್ಚಿ. ಚಿಲಕ ಕೊನೆಗೆ. ಧೈರ್ಯ ಬರಲಿ ಅಂತ ಯಾರನ್ನೂ ಬಲವಂತವಾಗಿ ಕೂಡಿಹಾಕಬೇಡಿ, ಅದು ಕ್ರೌರ್ಯ.

ಎಂ.ಆರ್.ಐ. ಸ್ಕ್ಯಾನಿಗೆ ಕೊಳವೆಯಂಥ ಯಂತ್ರದೊಳಗೆ ಅಲ್ಲಾಡದೆ ಮಲಗಬೇಕು. ಹೆದರಿ ವಾಪಸ್ ಬಂದರೆ ರೋಗವೇ ಗೊತ್ತಾಗದೆ ಉಳಿದೀತು. ನಿಮ್ಮ ಭಯವನ್ನು ಸಿಬ್ಬಂದಿಗೆ ಮೊದಲೇ ಹೇಳಿ, ನಾಚಿಕೆ ಬೇಡ. ಕೈಗೆ ಕರೆಗಂಟೆ ಕೊಡುತ್ತಾರೆ. ಒತ್ತಿದರೆ ಹೊರಗೆ ತರುತ್ತಾರೆ. ಬೇಕಾದರೆ ವೈದ್ಯರು ಔಷಧಿಯನ್ನೂ ಕೊಡುತ್ತಾರೆ.

ಆಪ್ತ ಸಲಹೆಗೆ ಟೆಲಿ ಮನಸ್ 14416, ಉಚಿತ. ಕನ್ನಡದಲ್ಲೇ ಮಾತಾಡಬಹುದು.