ಕಿಟಕಿ ಕೀಳಿಸುವ ಮುಂಚೆ ಒಂದು ಮಳೆಗಾಲ ನೋಡು

ಮಗಳೇ,

ಬಿಕ್ಕೋಡಿನ ಮನೆಯ ಕಿಟಕಿಗಳನ್ನೆಲ್ಲ ಒಂದೇ ಸಲಕ್ಕೆ ಕೀಳಿಸಿ ಯುಪಿವಿಸಿ ಹಾಕಿಸಬೇಕು ಅಂದಿದ್ದೀಯಂತೆ. ಬೆಂಗಳೂರಿನಲ್ಲಿ ಕೆಲಸ, ಊರಿನಲ್ಲಿ ಹಿರಿಯರ ಮನೆ ಇರುವ ಎಷ್ಟೋ ಮಕ್ಕಳಿಗೆ ಇದೇ ಯೋಚನೆ. ಅವರೂ ಓದಲಿ ಅಂತ ನಾಲ್ಕು ಜನರ ಮುಂದೆಯೇ ಬರೆಯುತ್ತಿದ್ದೇನೆ.

ಹಳೆಯದನ್ನು ಮುಟ್ಟಲೇಬಾರದು ಅನ್ನುವವಳಲ್ಲ ನಾನು. ಪಕ್ಕದ ಬೇಲೂರನ್ನೇ ನೋಡು. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದಾಗ ನವರಂಗ ತೆರೆದೇ ಇತ್ತು. ಸುಮಾರು ಐವತ್ತು ವರ್ಷ ಕಳೆದ ಮೇಲೆ ಸುತ್ತ ಗೋಡೆ ಎಬ್ಬಿಸಿ ಕಲ್ಲಿನ ಜಾಲಂಧ್ರ ಕೂರಿಸಿದರು. ಮರೆ ಬಂತು, ಜೊತೆಗೆ ಕತ್ತಲೆಯೂ ಬಂತು; ಈಗ ಒಳಗಿನ ಕಂಬಗಳ ಕೆತ್ತನೆ ಕಾಣಬೇಕಾದರೆ ದೀಪ ಬೇಕು. ನೀನೂ ಬದಲಿಸು. ಆದರೆ ಬರುವುದೇನು, ಹೋಗುವುದೇನು ಎಂದು ಒಂದೊಂದು ಕಿಟಕಿಗೂ ಬೇರೆ ಬೇರೆ ಲೆಕ್ಕ ಹಾಕು.

ಮೊದಲು ದಿಕ್ಕು ನೋಡು. ಮುಂಗಾರಿನ ಇರಚಲು ಹೊಡೆಯುವುದು ಪಶ್ಚಿಮ, ನೈರುತ್ಯದ ಗೋಡೆಗೆ. ಅಲ್ಲಿನ ಚೌಕಟ್ಟುಗಳ ಬುಡ ಕೆಟ್ಟಿದ್ದರೂ ಮೂಡಲ ಕಡೆಯವು ಗಟ್ಟಿಯಾಗೇ ಇರುತ್ತವೆ. ಸ್ಕ್ರೂಡ್ರೈವರ್ ಹಿಡಿದು ಪ್ರತಿ ಚೌಕಟ್ಟಿನ ಕೆಳಮೂಲೆಗೆ ಚುಚ್ಚು. ಮೆತ್ತಗೆ ಒಳಗಿಳಿದರೆ ಕೊಳೆತಿದೆ, ಇಲ್ಲವೇ ಗೆದ್ದಲು ತಿಂದಿದೆ. ಹಾಳಾಗಿರುವುದು ಗೇಣುದ್ದ ಮಾತ್ರವಾದರೆ ಅಷ್ಟನ್ನೇ ಕೊಯ್ದು ಒಣಗಿದ ಗಟ್ಟಿ ಮರ ಕೂಡಿಸುವುದು ಒಳ್ಳೇ ಆಚಾರ್ರಿಗೆ ದೊಡ್ಡ ಕೆಲಸವಲ್ಲ.

ಆಮೇಲೆ ಸೂರು ನೋಡು. ಹೆಂಚು ಸಾಕಷ್ಟು ಮುಂದೆ ಚಾಚಿರಬೇಕು. ಕಿಟಕಿಯ ಕೆಳಗಿನ ಗಾರೆ ಹೊರಗಡೆಗೆ ಇಳಿಜಾರಾಗಿರಬೇಕು. ಇವೆರಡನ್ನು ಸರಿಮಾಡದೆ ಹೊಸ ಕಿಟಕಿ ಹಾಕಿಸಿದರೆ ಯುಪಿವಿಸಿ ಕೊಳೆಯದೆ ಉಳಿಯುತ್ತದೆ, ಅದನ್ನು ಹಿಡಿದ ಮಣ್ಣಿನ ಗೋಡೆ ಕರಗುತ್ತದೆ.

ಆಷಾಢದಲ್ಲಿ ಕದ ಬಿಗಿಯಾಯಿತೆಂದು ಆಗಲೇ ಅಂಚು ಹೆರೆಸಬೇಡ. ಮರ ತೇವ ಕುಡಿದು ಉಬ್ಬಿರುತ್ತದೆ. ಮಾರ್ಚಿಗೆ ಅದೇ ಕದದಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಎಲ್ಲಿ ಉಜ್ಜುತ್ತದೆಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿಡು. ಕಾಫಿ ಕೊಯ್ಲು ಮುಗಿದ ಮೇಲೆ, ಮರ ಒಣಗಿರುವಾಗ ಕೆಲಸ ಮಾಡಿಸು. ಬಣ್ಣ ಬಳಿಯುವವರು ಮುಖಕ್ಕೆ ಬಳಿದು ಅಡಿ ಅಂಚನ್ನು ಬಿಟ್ಟುಬಿಡುತ್ತಾರೆ. ನೀರು ಹೀರುವುದು ಅಲ್ಲಿಂದಲೇ, ನಿಂತು ಮಾಡಿಸು.

ಯುಪಿವಿಸಿಗೆ ಗೆದ್ದಲಿಲ್ಲ, ಬಣ್ಣದ ಖರ್ಚಿಲ್ಲ. ಬಚ್ಚಲುಮನೆಗೆ, ಹಿಂದಿನ ಕಾಂಕ್ರೀಟ್ ಕೋಣೆಗೆ ಧಾರಾಳವಾಗಿ ಹಾಕಿಸು. ಹಳೇ ಗೋಡೆಯಿಂದ ಚೌಕಟ್ಟು ಕಿತ್ತರೆ ಮಾತ್ರ ಮಣ್ಣಿನ ಅಂಚೂ ಜೊತೆಗೆ ಕಳಚಿ ಬರುತ್ತದೆ. ಆ ಗಾರೆ ಕೆಲಸ ಯಾರ ಖರ್ಚು ಎಂದು ಕೊಟೇಶನ್ನಿನಲ್ಲೇ ಬರೆಸಿಕೊ. ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧವೇ ಎಂಬುದೂ ನೆನಪಿರಲಿ. ಹಿಮ ಬೀಳುವ ದೇಶಗಳಲ್ಲಿ ಎರಡು ಪದರದ ಗಾಜು ಹಾಕುವುದು ಹೀಟರಿನ ಬಿಸಿ ಹೊರಗೆ ಹೋಗದಿರಲಿ ಎಂದು. ನಮ್ಮಲ್ಲಿ ಹೀಟರೇ ಇಲ್ಲ. ಒದ್ದೆ ಬಟ್ಟೆ ಒಳಗೇ ಒಣಗಬೇಕಾದ ಜುಲೈನಲ್ಲಿ ಗಾಳಿಯಾಡದಿದ್ದರೆ ಗೋಡೆಗೂ ಬೂಷ್ಟು, ಬೀರುವಿನ ಸೀರೆಗೂ ಬೂಷ್ಟು.

ಸೊಳ್ಳೆಗೆ ಹೊಸ ಕಿಟಕಿ ಬೇಕಿಲ್ಲ. ಕದ ಒಳಕ್ಕೆ ತೆರೆಯುವುದಾದರೆ ಸರಳಿನ ಹೊರಗೆ ಮೆಶ್ ಹೊಡೆಸು. ಹೊರಕ್ಕೆ ತೆರೆಯುವುದಾದರೆ ಒಳಗೆ ಕೀಲಿನ ಮೆಶ್ ಬಾಗಿಲು ಕೂರಿಸು.

ಕಾಡಾನೆಗೆ ಹೆದರಿ ದಪ್ಪ ಗ್ರಿಲ್ಲಿನ ಮಾತೂ ಆಡಿದ್ದೀಯಂತೆ. ನಮ್ಮ ಹೋಬಳಿಯ ತೋಟಗಳಿಗೆ ಆನೆ ಬರುವುದು ನಿಜ, ಆದರೆ ಆನೆ ನುಗ್ಗಿದರೆ ತಡೆಯುವ ಕಿಟಕಿ ಇಲ್ಲ. ಭತ್ತದ ಮೂಟೆಯನ್ನು ಕಿಟಕಿ ಪಕ್ಕದಿಂದ ತೆಗೆಸು. ರಾತ್ರಿ ಕೊಂಬೆ ಮುರಿದ ಸದ್ದು ಕೇಳಲೇಬೇಕಾದ ಊರಿದು. ಸದ್ದನ್ನೇ ಒಳಗೆ ಬಿಡದ ಗಾಜು ಮಲಗುವ ಕೋಣೆಗೆ ಬೇಡ.

ಮರದ್ದೇ ಮಾಡಿಸುವುದಾದರೆ ತೋಟದ ಹೊನ್ನೆ, ಬೀಟೆಗೆ ಕೊಡಲಿ ಹಾಕಿಸಬೇಡ. 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್ ಕಡಿಯುವುದು ಸುಲಭ, ಆದರೆ ಮಳೆಗೆ ಒಡ್ಡಿದರೆ ಬಾಳಿಕೆ ಬರುವ ಮರವಲ್ಲ. ಹಳೇ ಮನೆ ಕೆಡವುವ ಕಡೆ ಒಳ್ಳೆಯ ಚೌಕಟ್ಟು ಸಿಗುತ್ತವೆ, ವಿಚಾರಿಸು.

ಜೋರು ಮಳೆಯ ಒಂದು ವಾರ ರಜೆ ಹಾಕಿ ಬಂದಿರು. ಒಂದೊಂದು ಕಿಟಕಿಯ ಮುಂದೆಯೂ ನಿಂತು ರಿಪೇರಿ, ಮೆಶ್, ಬದಲು ಎಂದು ಪಟ್ಟಿ ಮಾಡು. ಬದಲಿನ ಸಾಲಿಗೆ ಎಷ್ಟು ಬರುತ್ತವೋ ಅಷ್ಟನ್ನು ಯಾರ ಮಾತಿಗೂ ಅಂಜದೆ ಬದಲಿಸು. ಉಳಿದ ದುಡ್ಡು ಸೂರಿಗೆ ಹಾಕು.

ನಿನ್ನ
ದೊಡ್ಡಮ್ಮ