ನೌಕರಿಯೂ ಪೂರ್ವಾಪರ ವಿಚಾರಣೆಯೂ

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬುದು ನಮ್ಮ ಹಿರಿಯರ ಮಾತು. ಎತ್ತು ಕೊಳ್ಳುವಾಗಲೂ ಆಳನ್ನು ಇಟ್ಟುಕೊಳ್ಳುವಾಗಲೂ ಹಳ್ಳಿಯವರು ನಾಲ್ಕು ಕಡೆ ವಿಚಾರಿಸುತ್ತಿದ್ದರು. ನಗರದ ರೀತಿ ಬೇರೆ. ಬಿ.ಟಿ.ಎಂ. ಬಡಾವಣೆಯ ಬೀದಿಗಳಲ್ಲಿ ನಾನಾ ಜಿಲ್ಲೆಗಳಿಂದಲೂ ರಾಜ್ಯಗಳಿಂದಲೂ ಬಂದವರು ಬಾಡಿಗೆಗಿರುತ್ತಾರೆ. ಒಬ್ಬರ ಊರು ಮನೆ ಇನ್ನೊಬ್ಬರಿಗೆ ತಿಳಿಯದು. ಆದುದರಿಂದ ಕೆಲಸ ಕೊಡುವವರು ಅಭ್ಯರ್ಥಿಯ ಪೂರ್ವಾಪರವನ್ನು ವಿಚಾರಿಸುವುದು ನ್ಯಾಯವೇ ಸರಿ. ಆದರೆ ಎರಡು ಮೂರು ದಿನಗಳಲ್ಲಿ ಮುಗಿಸುವ ಅವಸರದ ವಿಚಾರಣೆಯಿಂದ ಎಷ್ಟು ತಿಳಿದೀತು, ಎಷ್ಟು ತಿಳಿಯದು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಸಾಮಾನ್ಯವಾಗಿ ಇಂಥ ವಿಚಾರಣೆಯಲ್ಲಿ ನಾಲ್ಕು ಅಂಶಗಳನ್ನು ನೋಡುತ್ತಾರೆ: ಗುರುತು, ವಿಳಾಸ, ವಿದ್ಯಾಭ್ಯಾಸ ಹಾಗೂ ಹಿಂದಿನ ಕೆಲಸ, ಪೊಲೀಸ್ ಮೊಕದ್ದಮೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಮಿತಿಯುಂಟು. ಆಧಾರ್ ಚೀಟಿಯು ಇವನು ಯಾರೆಂದು ಹೇಳುವುದೇ ಹೊರತು ಎಂಥವನೆಂದು ಹೇಳಲಾರದು. ಪೊಲೀಸರ ಪ್ರಮಾಣಪತ್ರವು ದಾಖಲೆಯಲ್ಲಿರುವುದನ್ನು ಮಾತ್ರ ತಿಳಿಸುತ್ತದೆ. ದೂರೇ ಆಗದ ತಪ್ಪು ಅದರಲ್ಲಿ ಸೇರುವುದಿಲ್ಲ. ಹಿಂದಿನ ಯಜಮಾನರು ಅನೇಕ ವೇಳೆ ಸೇವೆಯ ತಾರೀಖುಗಳನ್ನಷ್ಟೇ ತಿಳಿಸಿ ಸುಮ್ಮನಾಗುತ್ತಾರೆ. ಒಟ್ಟಿನಲ್ಲಿ ಕಾಗದಕ್ಕೆ ಕಾಗದ ತಾಳೆಯಾಯಿತೆ ಎಂಬುದಷ್ಟೇ ಇಲ್ಲಿ ಗೊತ್ತಾಗುವ ಸಂಗತಿ.

ಆ ಕಾಗದವೇ ಸುಳ್ಳಾದರೆ? 2014ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಟ್ಯಾಕ್ಸಿ ಚಾಲಕನೊಬ್ಬನು ಪ್ರಯಾಣಿಕಳ ಮೇಲೆ ಅತ್ಯಾಚಾರ ಮಾಡಿದನು. ಅವನ ಬಳಿಯಿದ್ದ ನಡತೆಪತ್ರವು ನಕಲಿಯೆಂದು ಪೊಲೀಸರು ಆಮೇಲೆ ತಿಳಿಸಿದರು. ಕಾಗದ ನಿಜವಾಗಿದ್ದರೂ ಸಾಲದು. 2005ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿನಿಯೊಬ್ಬರನ್ನು ವಾಹನ ಚಾಲಕನು ಕೊಂದನು. ಅಂದು ಬರಬೇಕಾಗಿದ್ದ ಚಾಲಕನ ಬದಲು ಅವನು ಬಂದಿದ್ದನು. ಪಟ್ಟಿಯಲ್ಲಿದ್ದ ಹೆಸರನ್ನು ಎಷ್ಟು ಪರಿಶೀಲಿಸಿದ್ದರೂ, ಬಾಗಿಲಿಗೆ ಬಂದವನು ಯಾರೆಂದು ಆ ಹೊತ್ತಿನಲ್ಲಿ ನೋಡುವವರಿಲ್ಲದಿದ್ದರೆ ಫಲವೇನು? 2010ರಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆಯಾಯಿತು. ಹೋದ ಜೀವ ಮರಳಲಿಲ್ಲ.

ಇದು ಒಂದು ಮುಖ. ಅವಸರದ ವಿಚಾರಣೆಯು ನಿರಪರಾಧಿಗೂ ಏಟು ಕೊಡುವುದುಂಟು. ಕಳೆದ ವರ್ಷ ಜೆ.ಪಿ. ನಗರದ ಒಂದು ಗೋದಾಮಿನಲ್ಲಿ ಸಂಜೆಯ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆನು. ನಾಲ್ಕನೆಯ ದಿನ "ವಿವರ ತಾಳೆಯಾಗಲಿಲ್ಲ" ಎಂಬ ಒಂದು ಸಾಲಿನ ಉತ್ತರ ಬಂದಿತು. ಕಾರಣವಿಷ್ಟೆ: ಬನಶಂಕರಿಯ ಹಳೆಯ ಬಾಡಿಗೆ ಮನೆಯನ್ನು ನಾವು ಬಿಟ್ಟು ಐದು ತಿಂಗಳಾಗಿತ್ತು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ನನ್ನ ತಂದೆ ಕೆಂಪಯ್ಯ, ಆಧಾರಿನಲ್ಲಿ ಕೆಂಪಣ್ಣ. ನಮ್ಮ ತಂದೆ ಶಾಲೆಗೆ ಹೋದವರಲ್ಲ. ಬರೆದುಕೊಂಡವರು ಬರೆದುದೇ ಅವರ ಹೆಸರು. ನನ್ನನ್ನು ಕರೆದು ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದೆನು. ಯಾರೂ ಕೇಳಲಿಲ್ಲ. ಆ ರಾತ್ರಿ ತಂದೆಯವರು, "ನನ್ನ ಹೆಸರಿನಿಂದ ನಿನ್ನ ಕೆಲಸ ಹೋಯಿತೇನಪ್ಪ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿಯವರೆಗೆ ಬಂದವರಿಗೆ ಇಂಥ ತೊಡಕು ಹೆಚ್ಚು. ಸ್ವಂತ ಮನೆ, ಒಂದೇ ವಿಳಾಸ, ಒಂದೇ ಬರಹದ ಹೆಸರು ಇವೆಲ್ಲವೂ ಅನುಕೂಲಸ್ಥರ ಸೊತ್ತು.

ಇನ್ನು, ನಿಜವಾಗಿಯೇ ಹಳೆಯ ಕಲೆಯೊಂದಿದ್ದರೆ? ದಿಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಯುವಕನೊಬ್ಬನು ಹಿಂದಿನ ಮೊಕದ್ದಮೆಯನ್ನು ಅರ್ಜಿಯಲ್ಲಿ ತಿಳಿಸಿರಲಿಲ್ಲವೆಂದು ಅವನ ಆಯ್ಕೆ ರದ್ದಾಗಿತ್ತು. ಘಟನೆ ನಡೆದಾಗ ಅವನಿಗೆ ಸುಮಾರು 20 ವರ್ಷ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನ ಪರವಾಗಿ ತೀರ್ಪಿತ್ತಿತು. ಹಸಿದ ಸಂಸಾರಕ್ಕಾಗಿ ರೊಟ್ಟಿ ಕದ್ದು ಬಾಳೆಲ್ಲ ಕಳ್ಳನೆನಿಸಿಕೊಂಡ, ವಿಕ್ಟರ್ ಹ್ಯೂಗೋ ಚಿತ್ರಿಸಿದ ಜೀನ್ ವಾಲ್ಜೀನನನ್ನು ಆ ತೀರ್ಪು ನೆನೆಯುತ್ತದೆ. 2016ರಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಮೊಕದ್ದಮೆಯಲ್ಲಿ, ಮುಚ್ಚಿಟ್ಟ ಸಂಗತಿ ಎಷ್ಟು ಗುರುತರವಾದುದು, ಕೆಲಸ ಎಂಥದು ಎಂಬುದನ್ನು ತೂಗಿ ನೋಡಬೇಕೆಂದು ವಿವರಿಸಿತು. ತೂಗುವುದಕ್ಕೆ ಸಮಯ ಬೇಕು. ಯಂತ್ರದ 'ಹೌದು', 'ಅಲ್ಲ'ಗಳಿಂದ ಅದು ಆಗತಕ್ಕುದಲ್ಲ.

ಹಾಗಾದರೆ ಮಾಡಬೇಕಾದುದೇನು? ವಿಚಾರಣೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಪ್ರಮಾಣಪತ್ರವನ್ನು ಕೊಟ್ಟ ಕಚೇರಿಯಿಂದಲೇ ಖಚಿತಪಡಿಸಿಕೊಳ್ಳಲಿ. ಜೊತೆಯಲ್ಲಿ ದುಡಿದವರೊಡನೆ ಮಾತನಾಡಲಿ. ವ್ಯತ್ಯಾಸ ಕಂಡರೆ ಅಭ್ಯರ್ಥಿಯ ಮಾತನ್ನು ಕೇಳಿದ ಮೇಲೆಯೇ ತೀರ್ಮಾನಿಸಲಿ. ಕೆಲಸಕ್ಕೆ ಸೇರಿಸಿಕೊಂಡ ಬಳಿಕವೂ ಎಚ್ಚರ ತಪ್ಪದಿರಲಿ. ಮನುಷ್ಯನ ಗುಣ ತಿಳಿಯುವುದು ಒಡನಾಟದಿಂದ.

ಸಹಪಾಠಿಗಳೇ, ಕೆಲವೇ ತಿಂಗಳುಗಳಲ್ಲಿ ನಾವು ಅರ್ಜಿ ಹಿಡಿದು ಮೇಜಿನ ಈಚೆ ನಿಲ್ಲುವೆವು. ಈಗಲೇ ನಮ್ಮ ಕಾಗದಗಳಲ್ಲಿರುವ ತಪ್ಪುಗಳನ್ನು ತಿದ್ದಿಸಿಕೊಳ್ಳೋಣ. ಮುಂದೊಂದು ದಿನ ನಮ್ಮಲ್ಲಿ ಕೆಲವರು ಮೇಜಿನ ಆಚೆ ಕುಳಿತಾರು. ಅಂದು ಎದುರಿಗೆ ನಿಂತವನನ್ನು ಒಂದು ಮಾತು ಕೇಳುವಷ್ಟು ವ್ಯವಧಾನ ನಮಗಿರಲಿ.