ಪರದೇಶದ ಮರಣ: ಕಾಗದಗಳಲ್ಲಿ ಬರುವ ಪದಗಳು

ಮನುಷ್ಯನ ಮರಣ ಯಾವ ನೆಲದಲ್ಲೆಂಬ ಜ್ಞಾನವು ಅಲ್ಲಾಹನದ್ದು ಮಾತ್ರ ಎಂಬುದನ್ನು ಪವಿತ್ರ ಕುರ್‌ಆನಿನ ಲುಕ್ಮಾನ್ ಅಧ್ಯಾಯದ ಕೊನೆಯ ಸೂಕ್ತವು ನಮಗೆ ನೆನಪಿಸುತ್ತದೆ. ಭಟ್ಕಳದಿಂದ ಉಳ್ಳಾಲದವರೆಗೆ ಮಗನನ್ನೋ ಗಂಡನನ್ನೋ ಗಲ್ಫಿಗೆ ಕಳುಹಿಸಿದ ಮನೆಗಳಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೆ ಮರಣದ ಸುದ್ದಿ ಬಂದ ಮರುದಿನವೇ ಆ ಮನೆಗೆ ಕಾಗದಗಳೂ ಬರತೊಡಗುತ್ತವೆ. ಅರ್ಧ ಅರಬಿ, ಅರ್ಧ ಇಂಗ್ಲಿಷ್. ಎಲ್ಲದರ ಕೆಳಗೂ ಒಂದು ಸಹಿ ಬೇಕು. ಅರಬಿ ಕಲಿತವರೆಂದು ಜನರು ಅವುಗಳನ್ನು ಮದ್ರಸದ ಉಸ್ತಾದರ ಬಳಿಗೆ ತರುತ್ತಾರೆ. ಕಿತಾಬಿನ ಅರಬಿಯೇ ಬೇರೆ, ಕಚೇರಿಯ ಅರಬಿಯೇ ಬೇರೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಕೆಲವು ಸಲ ಉಸ್ತಾದರಿಗೂ ತಿಳಿದಿರುವುದಿಲ್ಲ. ಸಹಿ ಹಾಕುವ ಮೊದಲು ಪದಗಳ ಅರ್ಥ ಗೊತ್ತಿರಲಿ ಎಂಬ ಉದ್ದೇಶದಿಂದ ಈ ಪಾಠವನ್ನು ಬರೆಯಲಾಗಿದೆ.

ಮೊದಲು, ಮೃತರನ್ನೇ ಸೂಚಿಸುವ ಪದಗಳು. ನಾವು 'ಮಯ್ಯಿತ್' ಎನ್ನುತ್ತೇವೆ. 'ಜನಾಝ' ಎಂಬುದನ್ನು ಕೆಲವು ಭಾಷಾ ಪಂಡಿತರು ಎರಡು ರೀತಿಯಲ್ಲಿ ಓದುತ್ತಾರೆ. ಜೀಮ್ ಅಕ್ಷರಕ್ಕೆ ಅಕಾರವಿದ್ದರೆ ಮೃತದೇಹ, ಇಕಾರವಿದ್ದರೆ ಅದನ್ನು ಹೊರುವ ಮಂಚ. ಅರಬಿ ಕಾಗದಗಳಲ್ಲಿ ಹೆಚ್ಚಾಗಿ ಕಾಣುವುದು 'ಜುಸ್ಮಾನ್' ಅಥವಾ 'ಜುಸ್ಸ'. ಎರಡಕ್ಕೂ ಮೃತದೇಹವೆಂದೇ ಅರ್ಥ. ಮೊದಲನೆಯದರಲ್ಲಿ ಗೌರವ ಹೆಚ್ಚು. ಇಂಗ್ಲಿಷ್ ಕಾಗದದಲ್ಲಿ 'ಮಾರ್ಟಲ್ ರಿಮೇನ್ಸ್' ಎಂದೂ ವಿಮಾನದ ಚೀಟಿಯಲ್ಲಿ 'ಹ್ಯೂಮನ್ ರಿಮೇನ್ಸ್' ಎಂದೂ ಇರುತ್ತದೆ. ಇದನ್ನು 'ಅವಶೇಷ' ಎಂದು ಅನುವಾದಿಸಿ ಓದಿದರೆ, ಮಗನ ದೇಹದಲ್ಲಿ ಏನೋ ಅಳಿದುಳಿದದ್ದು ಮಾತ್ರ ಬರುತ್ತಿದೆಯೆಂದು ತಾಯಿ ಎದೆಯೊಡೆದುಕೊಳ್ಳುತ್ತಾಳೆ. ಅದರ ಅರ್ಥ ಹಾಗಲ್ಲ. ಇಡೀ ದೇಹಕ್ಕೂ ಅದೇ ಪದ. ಕನ್ನಡದ 'ಪಾರ್ಥಿವ ಶರೀರ' ಎಂಬುದೇ ಅದಕ್ಕೆ ಸರಿಯಾದ ಮಾತು. ಪಾರ್ಥಿವವೆಂದರೆ ಪೃಥ್ವಿಗೆ ಸೇರಿದ್ದು, ಮಣ್ಣಿನದು. ಮಣ್ಣಿನಿಂದ ಸೃಷ್ಟಿಯಾದವರೆಂದು ನಂಬುವ ನಮಗೆ ಈ ಪದ ಪರಕೀಯವಾಗಿ ಕಾಣಬೇಕಾಗಿಲ್ಲ.

ಮರಣ ಸಂಭವಿಸಿದೊಡನೆ ಆಸ್ಪತ್ರೆಯು ಕೊಡುವ ಮೊದಲ ಕಾಗದವು 'ಬಲಾಗ್ ವಫಾತ್', ಅಂದರೆ ಮರಣದ ವರದಿ. ಇದು ಮರಣ ಪ್ರಮಾಣಪತ್ರವಲ್ಲ. ಇದರ ಆಧಾರದಲ್ಲಿ ಸರಕಾರದಿಂದ ಸಿಗುವ 'ಶಹಾದತುಲ್ ವಫಾತ್' ಎಂಬುದೇ ಪ್ರಮಾಣಪತ್ರ. ಅಪಘಾತ ಅಥವಾ ಅಸಹಜ ಮರಣವಾದರೆ ಇವೆರಡರ ನಡುವೆ ಪೊಲೀಸರ ವರದಿ ಬರುತ್ತದೆ. ಜೊತೆಗೆ 'ಅತ್ತಿಬ್ಬುಶ್ಶರಈ' ಎಂಬ ಇಲಾಖೆಯ ಮುದ್ರೆಯೂ ಬರುತ್ತದೆ. ಶರಈ ಎಂಬ ಪದವನ್ನು ಕಂಡು ಇದು ಶರೀಅತ್ತಿನ ಪ್ರಕಾರ ನಡೆದ ಸಂಸ್ಕಾರವೆಂದು ತಿಳಿಯಬಾರದು. ಅದು ನ್ಯಾಯವೈದ್ಯಕೀಯ ವಿಭಾಗ. ಈ ಮುದ್ರೆಯಿದ್ದ ಮಾತ್ರಕ್ಕೆ ದೇಹವನ್ನು ಕೊಯ್ದಿದ್ದಾರೆಂದೂ ಅಲ್ಲ. ಹೊರಗಿನಿಂದ ನೋಡುವ ಪರೀಕ್ಷೆಯೂ ಅದರಲ್ಲಿ ಸೇರುತ್ತದೆ. ಕೊಯ್ದು ಪರೀಕ್ಷಿಸಿದ್ದರೆ 'ತಶ್ರೀಹ್' ಎಂಬ ಪದವನ್ನು ಹುಡುಕಿರಿ.

ಇನ್ನು ಬಹಳ ಮುಖ್ಯವಾದ ಪದ 'ನೆಕ್ಸ್ಟ್ ಆಫ್ ಕಿನ್'. ಹತ್ತಿರದ ಬಂಧು. ಇದನ್ನು ವಾರಿಸುದಾರ ಎಂದು ಬರೆದುಕೊಂಡು ಅಣ್ಣ ತಮ್ಮಂದಿರು ಮೃತದೇಹ ಮನೆಗೆ ಬರುವ ಮೊದಲೇ ಜಗಳಕ್ಕೆ ನಿಲ್ಲುವುದುಂಟು. ಹತ್ತಿರದ ಬಂಧುವೆಂದು ಸಹಿ ಹಾಕಿದವನು ದೇಹದ ಬಗ್ಗೆ ತೀರ್ಮಾನ ಹೇಳುತ್ತಾನೆಯೇ ಹೊರತು ಆಸ್ತಿಯ ಬಗ್ಗೆ ಅಲ್ಲ. 'ವಾರಿಸ್' ಬೇರೆ. ವಾರಿಸರ ಪಾಲುಗಳನ್ನು ಅಲ್ಲಾಹನು ಅನ್ನಿಸಾ ಅಧ್ಯಾಯದಲ್ಲಿ ನಿಗದಿಪಡಿಸಿದ್ದಾನೆ. ಯಾವ ಕಚೇರಿಯ ಸಹಿಯಿಂದಲೂ ಅದು ಹೆಚ್ಚುಕಡಿಮೆಯಾಗದು. ಈ ಹತ್ತಿರದ ಬಂಧು ನೋಟರಿಯ ಮುಂದೆ ಬರೆದುಕೊಡುವ ಪತ್ರದಲ್ಲಿ ತಾನು ಇಂಥವರಿಗೆ 'ವಕಾಲ' ಕೊಟ್ಟಿದ್ದೇನೆ ಎಂದಿರುತ್ತದೆ. ನಮ್ಮ ಕೋರ್ಟುಗಳ ವಕಾಲತ್ತು ಇದೇ ಪದ. ತನ್ನ ಪರವಾಗಿ ಓಡಾಡುವ ಅಧಿಕಾರವನ್ನು ಇನ್ನೊಬ್ಬನಿಗೆ ಒಪ್ಪಿಸುವುದೆಂದು ಅರ್ಥ.

ಆ ಪತ್ರದಲ್ಲೇ ಒಂದು ಸಾಲು ಇರುತ್ತದೆ. ಅದನ್ನು ಎರಡು ಸಲ ಓದಬೇಕು. 'ದಫ್ನ್ ಮಹಲ್ಲಿ' ಎಂದಿದ್ದರೆ ಅಲ್ಲಿಯೇ ದಫನ ಮಾಡುವುದು. 'ನಕ್ಲುಲ್ ಜುಸ್ಮಾನ್' ಎಂದಿದ್ದರೆ ದೇಹವನ್ನು ಊರಿಗೆ ಸಾಗಿಸುವುದು. ತೀರ್ಮಾನವೆಲ್ಲ ಈ ಸಾಲಿನಲ್ಲಿದೆ. ಇಂಗ್ಲಿಷ್ ಪತ್ರದಲ್ಲಿ ಎರಡನ್ನೂ ಅಚ್ಚು ಹಾಕಿ ಒಂದನ್ನು ಹೊಡೆದುಹಾಕಲು ಹೇಳಿರುತ್ತಾರೆ. ಯಾವುದನ್ನೂ ಹೊಡೆಯದೆ ಕಳುಹಿಸಿದರೆ ಅದು ಹಿಂದಕ್ಕೆ ಬರುತ್ತದೆ. ಅಷ್ಟು ದಿನ ಮಯ್ಯಿತ್ 'ಸಲ್ಲಾಜ'ದಲ್ಲಿ, ಅಂದರೆ ಶವಾಗಾರದ ಶೀತಪೆಟ್ಟಿಗೆಯಲ್ಲಿ ಕಾಯುತ್ತದೆ. ಜನಾಝದ ವಿಷಯದಲ್ಲಿ ಅವಸರ ಮಾಡಿರೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ ಹದೀಸ್ ಬುಖಾರಿಯಲ್ಲಿದೆ. ಒಂದು ಗೆರೆ ಎಳೆಯದ ಕಾರಣಕ್ಕಾಗಿ ವಾರಗಟ್ಟಲೆ ತಡವಾಗುವುದಕ್ಕೆ ಯಾರು ಉತ್ತರ ಹೇಳುವುದು?

ಹಾಗಾದರೆ ಯಾವುದನ್ನು ಹೊಡೆದುಹಾಕಬೇಕು? ಉಹುದ್ ಯುದ್ಧದ ಹುತಾತ್ಮರನ್ನು ಕೆಲವರು ಮದೀನದೊಳಗೆ ಒಯ್ಯತೊಡಗಿದಾಗ, ಬಿದ್ದ ಸ್ಥಳದಲ್ಲೇ ಅವರನ್ನು ದಫನ ಮಾಡುವಂತೆ ಪ್ರವಾದಿ(ಸ) ಹೇಳಿ ಕಳುಹಿಸಿದರೆಂದು ಹ. ಜಾಬಿರ್(ರ) ವರದಿ ಮಾಡಿದ್ದಾರೆ. ಹ. ಆಯಿಶಾ(ರ)ರ ಸಹೋದರ ಅಬ್ದುರ್ರಹ್ಮಾನ್(ರ) ಮಕ್ಕಾದ ಹೊರಗೆ ತೀರಿಕೊಂಡಾಗ ಅವರನ್ನು ಮಕ್ಕಾಕ್ಕೆ ಹೊತ್ತು ತರಲಾಯಿತು. ತಾನಿದ್ದಿದ್ದರೆ ತೀರಿಕೊಂಡ ಸ್ಥಳದಲ್ಲೇ ದಫನ ಮಾಡಿಸುತ್ತಿದ್ದೆ ಎಂಬರ್ಥದಲ್ಲಿ ಆಯಿಶಾ(ರ) ಹೇಳಿದ್ದು ತಿರ್ಮಿಝಿಯಲ್ಲಿದೆ. ಇನ್ನೊಂದೆಡೆ ಸಅದ್ ಬಿನ್ ಅಬೀ ವಕ್ಕಾಸ್(ರ)ರನ್ನು ಅಕೀಕ್‌ನಿಂದ ಮದೀನಕ್ಕೆ ತಂದು ದಫನ ಮಾಡಿದ್ದೂ ಉಂಟು. ಆದರೆ ಅದು ಕೆಲವೇ ಮೈಲಿಗಳ ದಾರಿ. ನಮ್ಮ ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಇಮಾಮ್ ನವವಿಯವರು 'ಮಿನ್‌ಹಾಜ್'ನಲ್ಲಿ ಪ್ರಬಲವೆಂದು ಎತ್ತಿ ಹಿಡಿದ ಅಭಿಪ್ರಾಯವು, ಬೇರೆ ಊರಿಗೆ ಸಾಗಿಸುವುದು ನಿಷಿದ್ಧ ಎಂಬುದಾಗಿದೆ. ಮಕ್ಕಾ, ಮದೀನ, ಬೈತುಲ್ ಮಕ್ದಿಸ್ ಸಮೀಪದಲ್ಲಿದ್ದರೆ ಅಲ್ಲಿಗೆ ಒಯ್ಯಬಹುದು. ಕರಾಹತ್ ಮಾತ್ರ ಎಂದವರೂ ಇದ್ದಾರೆ. ಹನಫಿ ವಿದ್ವಾಂಸರು ಒಂದೆರಡು ಮೈಲಿಗೆ ಅನುಮತಿಸಿ ಅದಕ್ಕಿಂತ ದೂರ ಸಾಗಿಸುವುದನ್ನು ಕರಾಹತ್ ಎಂದಿದ್ದಾರೆ. ಮುಸ್ಲಿಮರ ಕಬರ್‌ಸ್ತಾನವಿಲ್ಲದ ನಾಡಿನಲ್ಲಿ ತೀರಿಕೊಂಡರೆ ಮಾತು ಬೇರೆ. ಗಲ್ಫಿನಲ್ಲಿ ಅಂಥ ಸ್ಥಿತಿಯಿಲ್ಲ. ಹಜ್ಜ್‌ಗೆ ಹೋಗಿ ತೀರಿಕೊಂಡವರನ್ನು ಅಲ್ಲೇ ದಫನ ಮಾಡಿದಾಗ ಅದನ್ನು ಭಾಗ್ಯವೆನ್ನುವ ನಾವು, ಕೆಲಸಕ್ಕೆ ಹೋದವನ ವಿಷಯದಲ್ಲಿ ಮಾತ್ರ ಅದನ್ನು ಅನಾಥ ಮರಣವೆಂದು ಏಕೆ ಹೇಳಬೇಕು? ಮಗನ ಮುಖವನ್ನು ಕೊನೆಯ ಬಾರಿ ನೋಡಬೇಕೆಂದು ಅಳುವ ತಾಯಿಯ ಎದುರಿನಲ್ಲಿ ಕಿತಾಬು ತೆರೆದು ವಾದಿಸಬೇಕೆಂದು ನಾನು ಹೇಳುತ್ತಿಲ್ಲ. ಆ ಸಾಲಿಗೆ ಸಹಿ ಹಾಕಿದರೆ ಮುಂದೇನಾಗುತ್ತದೆ ಎಂಬುದನ್ನು ಅವಳಿಗೆ ಮೊದಲೇ ತಿಳಿಸಬೇಕು, ಅಷ್ಟೇ.

ಮುಂದೆ ಬರುವುದು 'ತಹ್ನೀತ್'. ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ಪದದಲ್ಲೇ. ಕರ್ಮಶಾಸ್ತ್ರ ಓದಿದವರಿಗೆ 'ಹನೂತ್' ಗೊತ್ತು. ಮಯ್ಯಿತ್‌ಗೆ ಸ್ನಾನವಾದ ಮೇಲೆ ಹಚ್ಚುವ ಕರ್ಪೂರ ಮೊದಲಾದ ಸುಗಂಧ ಮಿಶ್ರಣ ಅದು. ಅರಫಾದಲ್ಲಿ ಒಂಟೆಯಿಂದ ಬಿದ್ದು ತೀರಿಕೊಂಡ ಇಹ್ರಾಮಿನ ವ್ಯಕ್ತಿಗೆ ಹನೂತ್ ಹಚ್ಚಬಾರದೆಂದು ಪ್ರವಾದಿ(ಸ) ಹೇಳಿದ ಹದೀಸನ್ನು ಮದ್ರಸದ ಹುಡುಗರೂ ಓದುತ್ತಾರೆ. ಹನೂತ್ ಹಚ್ಚುವುದೇ ಕಿತಾಬಿನ ತಹ್ನೀತ್. ಆದುದರಿಂದ 'ಶಹಾದತುತ್ತಹ್ನೀತ್' ಎಂಬ ಕಾಗದ ಕೈಗೆ ಬಂದಾಗ, ಸ್ನಾನ, ಸುಗಂಧ, ಕಫನ್ ಎಲ್ಲವೂ ಅಲ್ಲಿ ವಿಧಿಪ್ರಕಾರ ಮುಗಿದಿದೆಯೆಂದು ಹೇಳಿ ಮನೆಯವರನ್ನು ಸಮಾಧಾನಪಡಿಸಿದವರಿದ್ದಾರೆ. ಆದರೆ ಈಗಿನ ಕಚೇರಿಯ ಅರಬಿಯಲ್ಲಿ ತಹ್ನೀತ್ ಎಂದರೆ ಎಂಬಾಮಿಂಗ್. ರಕ್ತನಾಳದ ಮೂಲಕ ಫಾರ್ಮಲಿನ್‌ನಂತಹ ರಾಸಾಯನಿಕವನ್ನು ದೇಹದೊಳಗೆ ಹರಿಸಿ ಅದು ಬೇಗ ಕೆಡದಂತೆ ಮಾಡುವುದು. ಸುಗಂಧಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಪ್ರಮಾಣಪತ್ರವು ಗುಸ್ಲ್ ಆಗಿದೆಯೆಂಬುದಕ್ಕೆ ಸಾಕ್ಷಿಯೂ ಅಲ್ಲ.

ಮೃತರ ಎಲುಬನ್ನು ಮುರಿಯುವುದು ಜೀವಂತರ ಎಲುಬನ್ನು ಮುರಿದಂತೆಯೇ ಎಂಬ ಬೋಧನೆ ಅಬೂದಾವೂದ್‌ನಲ್ಲಿದೆ. ಮಯ್ಯಿತ್‌ನ ಗೌರವ ಇಷ್ಟು ದೊಡ್ಡದಾಗಿರುವಾಗ, ಅಗತ್ಯವಿಲ್ಲದೆ ಸೂಜಿ ಚುಚ್ಚಿ ರಾಸಾಯನಿಕ ತುಂಬುವುದನ್ನು ಯಾರೂ ಹಗುರವಾಗಿ ಕಾಣಲಾರರು. ವಿಮಾನದಲ್ಲಿ ತರಬೇಕಾದರೆ ಎಂಬಾಮಿಂಗ್ ಪ್ರಮಾಣಪತ್ರವನ್ನು ಕೇಳುತ್ತಾರೆ. ಆದ್ದರಿಂದ 'ನಕ್ಲ್' ಎಂದು ಬರೆದುಕೊಟ್ಟವನು 'ತಹ್ನೀತ್'ಗೂ ಒಪ್ಪಿದಂತಾಯಿತು. ಎರಡು ಪದಗಳನ್ನು ಬೇರೆ ಮಾಡಲು ಬರುವುದಿಲ್ಲ. ಊರಿಗೆ ತರಿಸುವುದೆಂದೇ ನಿರ್ಧರಿಸಿದ್ದರೆ, ಎಂಬಾಮಿಂಗ್ ಮುಗಿದ ಬಳಿಕ ಪೆಟ್ಟಿಗೆ ಮುಚ್ಚುವ ಮೊದಲು ಗುಸ್ಲ್, ಕಫನ್, ಸಾಧ್ಯವಾದರೆ ನಮಾಝ್ ಇವುಗಳನ್ನು ನೆರವೇರಿಸುವಂತೆ ಅಲ್ಲಿರುವ ಬಂಧುಗಳಿಗೆ ಫೋನಿನಲ್ಲಿ ಹೇಳಬೇಕು. ಆಯಿತೇ ಇಲ್ಲವೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು.

ಉಳಿದ ಕಾಗದಗಳು ಅಷ್ಟು ಕಠಿಣವಲ್ಲ. 'ಅದಮ್ ಮುಮಾನಅ' ಎಂದರೆ ಆಕ್ಷೇಪಣೆಯಿಲ್ಲ ಎಂಬ ಪತ್ರ. ನಮ್ಮವರು ಎನ್‌ಒಸಿ ಎನ್ನುತ್ತಾರೆ. ಭಾರತೀಯ ರಾಯಭಾರ ಕಚೇರಿಯು ಮರಣವನ್ನು ದಾಖಲಿಸಿ, ಪಾಸ್‌ಪೋರ್ಟನ್ನು ರದ್ದುಪಡಿಸಿ ಇದನ್ನು ಕೊಡುತ್ತದೆ. ಪಾಸ್‌ಪೋರ್ಟಿನ ಮೇಲೆ 'ಕ್ಯಾನ್ಸೆಲ್ಡ್' ಎಂದು ಒತ್ತಿರುವುದನ್ನು ಕಂಡು ಏನೋ ಕೇಸಾಗಿದೆಯೆಂದು ಹೆದರಬೇಕಾಗಿಲ್ಲ. ಸೌದಿಯಲ್ಲಾದರೆ 'ಖುರೂಜ್ ನಿಹಾಈ' ಕೂಡಾ ಬೇಕು. ಕೆಲಸ ಬಿಟ್ಟು ಊರಿಗೆ ಮರಳುವವನಿಗೆ ಕೊಡುವ ಅಂತಿಮ ನಿರ್ಗಮನ ವೀಸಾದ ಹೆಸರೂ ಅದೇ. ಖರ್ಚಿನ ವಿಷಯದಲ್ಲಿ ಒಂದು ಮಾತು ತಿಳಿದಿರಲಿ: ಸೌದಿಯ 2005ರ ಕಾರ್ಮಿಕ ಕಾನೂನಿನ 40ನೇ ಕಲಮಿನ ಪ್ರಕಾರ, ಮನೆಯವರ ಒಪ್ಪಿಗೆಯೊಂದಿಗೆ ಅಲ್ಲಿಯೇ ದಫನ ಮಾಡದಿದ್ದರೆ, ದೇಹವನ್ನು ಸಿದ್ಧಪಡಿಸಿ ಕಳುಹಿಸುವ ವೆಚ್ಚ ಮಾಲಕನದ್ದು. ಕಫೀಲನು ಕೈಚೆಲ್ಲಿದಾಗ ಬಡವರ ನೆರವಿಗಾಗಿ 2009ರಲ್ಲಿ ಭಾರತ ಸರಕಾರವು ಆರಂಭಿಸಿದ ಸಮುದಾಯ ಕ್ಷೇಮನಿಧಿಯೂ ಇದೆ. ರಾಯಭಾರ ಕಚೇರಿಯಲ್ಲಿ ಅದಕ್ಕೆ ಅರ್ಜಿ ಕೊಡಬೇಕು. ಮನೆಯ ಚಿನ್ನ ಅಡವಿಡುವ ಮೊದಲು ಇವೆರಡನ್ನೂ ಕೇಳಿರಿ.

ವಿಮಾನದ ಕಾಗದವು 'ಏರ್‌ವೇ ಬಿಲ್'. ಅದರಲ್ಲಿ ಸರಕಿನ ಸಂಕೇತವಾಗಿ 'ಎಚ್‌ಯುಎಂ' ಎಂಬ ಮೂರು ಅಕ್ಷರಗಳಿರುತ್ತವೆ. ಮೃತದೇಹಕ್ಕೆ ಜಗತ್ತಿನ ವಿಮಾನ ಕಂಪೆನಿಗಳೆಲ್ಲ ಬಳಸುವ ಗುರುತು ಅದು. ಹಿಂದೆ ಪೆಟ್ಟಿಗೆಯನ್ನು ತೂಗಿ ಕಿಲೋ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರು. ಮನುಷ್ಯನನ್ನು ತಕ್ಕಡಿಗೆ ಹಾಕುವ ಈ ಪದ್ಧತಿಗೆ ಗಲ್ಫಿನ ಭಾರತೀಯರಿಂದ ವಿರೋಧ ಬಂದ ಮೇಲೆ, 2019ರ ಜನವರಿಯಲ್ಲಿ ಏರ್ ಇಂಡಿಯಾ ಯು.ಎ.ಇ.ಯಿಂದ ತರುವುದಕ್ಕೆ 1500 ದಿರ್ಹಮ್ ಎಂದೂ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 750 ದಿರ್ಹಮ್ ಎಂದೂ ಒಂದೇ ದರ ಗೊತ್ತುಮಾಡಿತು. 'ಕನ್ಸೈನಿ' ಎಂಬಲ್ಲಿ ಪಡೆದುಕೊಳ್ಳುವವರ ಹೆಸರಿರುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವಾಗ ಅದೇ ಹೆಸರಿನ ವ್ಯಕ್ತಿ ತನ್ನ ಗುರುತಿನ ಚೀಟಿಯೊಂದಿಗೆ ಹೋಗಬೇಕು. ಪ್ರಯಾಣಿಕರು ಹೊರಬರುವ ಬಾಗಿಲಿನಲ್ಲಿ ಕಾದು ಪ್ರಯೋಜನವಿಲ್ಲ, ಸರಕಿನ ವಿಭಾಗಕ್ಕೆ ಹೋಗಬೇಕು. ಅಲ್ಲಿ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಯ ಅನುಮತಿಯೂ ಅಗತ್ಯ. ಇದಕ್ಕಾಗಿ ಕೇಂದ್ರ ಸರಕಾರವು 2023ರಲ್ಲಿ 'ಇ-ಕೇರ್' ಎಂಬ ಗಣಕ ವ್ಯವಸ್ಥೆಯನ್ನು ಆರಂಭಿಸಿದೆ.

ಪೆಟ್ಟಿಗೆಯ ಹೆಸರು 'ತಾಬೂತ್'. ಅದು ಪ್ರಯಾಣಕ್ಕಾಗಿ ಮಾಡಿದ್ದು, ಕಬರಿಗಾಗಿ ಅಲ್ಲ. ಮಣ್ಣು ತೇವವಾಗಿ ಕುಸಿಯುವಂತಿದ್ದರೆ ಅಥವಾ ದೇಹದ ಸ್ಥಿತಿ ಹಾಗಿದ್ದರೆ ಮಾತ್ರ ಪೆಟ್ಟಿಗೆಯೊಂದಿಗೆ ದಫನ ಮಾಡಬಹುದು. ಇಲ್ಲವಾದರೆ ಅದು ಕರಾಹತ್. ಮಯ್ಯಿತನ್ನು ಹೊರತೆಗೆದು ಬಲಮಗ್ಗುಲಾಗಿ ಕಿಬ್ಲಾಕ್ಕೆ ಮುಖ ಮಾಡಿ ಮಲಗಿಸಬೇಕು. ತೆರೆಯಬಾರದೆಂದು ವೈದ್ಯರು ಬರೆದಿದ್ದರೆ ಪಟ್ಟುಹಿಡಿಯಬೇಡಿ. ಅಲ್ಲಿ ಗುಸ್ಲ್ ಆಗಿದ್ದರೆ ಇಲ್ಲಿ ಮತ್ತೆ ಮಾಡಬೇಕಾಗಿಲ್ಲ. ಏನಾದರೂ ಸೋರಿದ್ದರೆ ಅದನ್ನಷ್ಟೇ ತೊಳೆದರೆ ಸಾಕು. ಅಲ್ಲಿಯೇ ದಫನವಾಗಿದ್ದರೆ ಊರಿನ ಮಸೀದಿಯಲ್ಲಿ ಗಾಇಬ್ ನಮಾಝ್ ನಿರ್ವಹಿಸಲು ಶಾಫಿಈ ಮದ್‌ಹಬ್‌ನಲ್ಲಿ ಅನುಮತಿಯಿದೆ. ಅಬಿಸೀನಿಯದ ನಜ್ಜಾಶಿ ರಾಜನಿಗಾಗಿ ಪ್ರವಾದಿ(ಸ) ಮದೀನದಲ್ಲಿ ನಮಾಝ್ ಮಾಡಿದ್ದು ಅದಕ್ಕೆ ಆಧಾರ. ಹನಫಿಗಳಲ್ಲಿ ಆ ರೂಢಿಯಿಲ್ಲ.

ಮರಣ ಪ್ರಮಾಣಪತ್ರದಲ್ಲಿರುವ 'ತಾರೀಖುಲ್ ವಫಾತ್' ಎಂಬ ಸಾಲನ್ನು ಮನೆಯ ಹೆಂಗಸರಿಗೆ ಓದಿ ಹೇಳಬೇಕು. ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಗರ್ಭಿಣಿಗಾದರೆ ಹೆರಿಗೆಯ ತನಕ. ಅದು ಆರಂಭವಾಗುವುದು ಮರಣದ ದಿನದಿಂದ. ಮಯ್ಯಿತ್ ಊರಿಗೆ ತಲುಪಿದ ದಿನದಿಂದಲೋ ದಫನದ ದಿನದಿಂದಲೋ ಅಲ್ಲ. ಇಪ್ಪತ್ತು ದಿನಗಳ ನಂತರ ದೇಹ ಬಂದರೆ ಆ ಇಪ್ಪತ್ತು ದಿನಗಳು ಅದಾಗಲೇ ಕಳೆದಿರುತ್ತವೆ. ತಿಂಗಳುಗಳನ್ನು ಚಂದ್ರಮಾನದಲ್ಲಿ ಎಣಿಸುವುದರಿಂದ ಸೌದಿಯ ಕಾಗದದಲ್ಲಿರುವ ಹಿಜ್ರಿ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಎರಡು ಪದಗಳು. 'ಮುಸ್ತಹಕ್ಕಾತ್' ಎಂದರೆ ಮೃತರಿಗೆ ಕಂಪೆನಿಯಿಂದ ಬರಬೇಕಾದ ಬಾಕಿ ಸಂಬಳ ಮತ್ತು ಸೇವಾ ಮೊಬಲಗು. ದಫನಕ್ಕಾಗಿ ಕೊಟ್ಟ ವಕಾಲದಲ್ಲಿ ಈ ಪದ ನುಸುಳಿದೆಯೇ ಎಂಬುದನ್ನು ನೋಡಿಕೊಳ್ಳಿ. ಹಣ ವಸೂಲಿಯ ಅಧಿಕಾರವನ್ನು ವಾರಿಸರೆಲ್ಲ ಸೇರಿ ಬೇರೆಯೇ ಪತ್ರದಲ್ಲಿ ಕೊಡಬೇಕು. ಇನ್ನೊಂದು 'ಇಬ್‌ರಾಉ ಝಿಮ್ಮ'. ಮೃತರನ್ನು ಸಾಲದ ಹೊಣೆಯಿಂದ ಬಿಡಿಸುವುದೆಂಬ ಪುಣ್ಯದ ಅರ್ಥದಲ್ಲಿ ನಾವು ಈ ಮಾತನ್ನು ಕೇಳಿದ್ದೇವೆ. ಆದರೆ ಕಂಪೆನಿ ಕಳುಹಿಸಿದ ಕಾಗದದಲ್ಲಿ ಅದಕ್ಕೆ, ನಮಗೆ ಬರಬೇಕಾದದ್ದೆಲ್ಲ ಬಂದಿದೆ, ಇನ್ನು ಯಾವ ಹಕ್ಕೂ ಉಳಿದಿಲ್ಲ ಎಂದು ಅರ್ಥ. ಹಣ ಕೈಸೇರುವ ಮೊದಲು ಅದಕ್ಕೆ ಸಹಿ ಹಾಕಬಾರದು. ಮೃತರಿಗೆ ಚಿಕ್ಕ ಮಕ್ಕಳಿದ್ದರೆ ಅವರ ಪಾಲನ್ನು ಬಿಟ್ಟುಕೊಡುವ ಅಧಿಕಾರವು ತಾಯಿಗಾಗಲಿ ಅಜ್ಜನಿಗಾಗಲಿ ಇಲ್ಲ.